ಟ್ರ್ಯಾಂಪೊಲಿನ್ ಪದದೊಳಗೆ ಅಡಗಿರುವ ಕಾಲು

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವವರು. ಮಗಳು ನಾಲ್ಕನೆಯ ತರಗತಿ. ಮೊನ್ನೆ ಮಾಲ್‌ನಲ್ಲಿ ಟ್ರ್ಯಾಂಪೊಲಿನ್ ಮೇಲೆ ಕುಣಿದು ಬಂದವಳು, ‘ಇದಕ್ಕೆ ಯಾಕೆ ಈ ಹೆಸರು?’ ಎಂದು ಕೇಳಿದಳು. ಮಳೆಗಾಲಕ್ಕೆ ಬಾಲ್ಕನಿಗೆ ಕಟ್ಟುವ ಟಾರ್ಪಾಲಿನ್ನಿಗೂ ಅವಳು ಟ್ರ್ಯಾಂಪೊಲಿನ್ ಎಂದೇ ಹೇಳುತ್ತಾಳೆ. ಪಕ್ಕದ ಮನೆಯವರು ಗೋವಾದವರು, ‘ಇದು ಬಟಾಟೆ, ಪಾವ್ ಥರ ಪೋರ್ಚುಗೀಸರು ತಂದ ಪದ’ ಎನ್ನುತ್ತಾರೆ. ಒಂದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ‘ದ್ಯು ಟ್ರ್ಯಾಂಪೊಲಿನ್ ಎಂಬ ಸರ್ಕಸ್ ಕಲಾವಿದನ ಹೆಸರು’ ಎಂದಿದೆ. ಯಾವುದು ನಿಜ? ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?

ಉತ್ತರ: ಮೊದಲು ಮಗಳಿಗೆ ಹೇಳಬಹುದಾದಷ್ಟು ಹೇಳಿಬಿಡುತ್ತೇನೆ. ಟ್ರ್ಯಾಂಪೊಲಿನ್ ಎಂಬುದರ ಮೂಲದಲ್ಲಿರುವುದು ‘ತುಳಿ’ ಎಂಬ ಅರ್ಥ. ಜರ್ಮನ್ ಬಳಗದ ಭಾಷೆಗಳಲ್ಲಿ ‘ಟ್ರಾಂಪೆಲ್ನ್’ ಎಂದರೆ ದಪ್ಪದಪ್ಪ ಹೆಜ್ಜೆಯಿಟ್ಟು ತುಳಿಯುವುದು. ಆ ಬಳಗದಿಂದ ಇಟಲಿಗೆ ಹೋದ ಪದ ಅಲ್ಲಿ ‘ತ್ರಾಂಪೊಲಿ’ ಆಯಿತು, ಅಂದರೆ ಮರಗಾಲು. ಅದರಿಂದ ‘ತ್ರಾಂಪೊಲೀನೊ’ ಹುಟ್ಟಿತು, ಅಂದರೆ ಚಿಮ್ಮುಹಲಗೆ. ಸ್ಪ್ಯಾನಿಷ್‌ನವರು ಅದನ್ನು ‘ತ್ರಾಂಪೊಲೀನ್’ ಎಂದರು. 1937ರಲ್ಲಿ ಜಾರ್ಜ್ ನಿಸೆನ್ ಎಂಬ ಅಮೆರಿಕದ ಜಿಮ್ನಾಸ್ಟ್ ಮೆಕ್ಸಿಕೊದಲ್ಲಿ ಆ ಪದ ಕೇಳಿ, ತಾನು ಮಾಡಿದ್ದ ಹೊಸ ಸಾಧನಕ್ಕೆ ಅದನ್ನೇ ಹೆಸರಾಗಿಟ್ಟ. ಇಂದು ನಾವು ಮಾಲ್‌ಗಳಲ್ಲಿ ನೋಡುವುದು ಆ ಸಾಧನದ ಮಕ್ಕಳು ಮೊಮ್ಮಕ್ಕಳನ್ನು.

ಪಕ್ಕದ ಮನೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಪುಸ್ತಕದ ಮಾತು ಕಟ್ಟುಕತೆ. ಯಾಕೆ ಹಾಗೆ ಖಚಿತವಾಗಿ ಹೇಳಬಹುದು ಎಂಬುದನ್ನು ಬಿಡಿಸಿ ನೋಡೋಣ, ಏಕೆಂದರೆ ಈ ಪದದಲ್ಲಿ ಸ್ವಾರಸ್ಯವಿರುವುದೇ ಅಲ್ಲಿ.

ಜಿಗಿಯುವ ವಸ್ತುವಿಗೆ ತುಳಿಯುವ ಹೆಸರು ಯಾಕೆ ಬಂತು ಎಂದು ಆಶ್ಚರ್ಯವಾಗಬಹುದು. ನಮ್ಮ ಅಡುಗೆಮನೆಯಲ್ಲೇ ಇದಕ್ಕೊಂದು ಸಾಕ್ಷಿಯಿದೆ. ಮುಂಬಯಿಯಲ್ಲಿ ನೆಲೆಸಿದ ದಕ್ಷಿಣ ಕನ್ನಡದವರ ಮನೆಯಲ್ಲಿ ಇನ್ನೂ ಮೆಟ್ಟುಗತ್ತಿ ಇದ್ದರೆ ಅದನ್ನು ನೋಡಿ. ಘಟ್ಟದ ಮೇಲಿನವರು ಈಳಿಗೆಮಣೆ ಎನ್ನುವ, ಮರಾಠಿಯವರು ವಿಳಿ ಎನ್ನುವ ಅದೇ ಸಾಧನ. ಅದರ ಕೆಲಸ ತರಕಾರಿ ಹೆಚ್ಚುವುದು. ಆದರೆ ಕರಾವಳಿಯವರು ಅದಕ್ಕೆ ಹೆಸರಿಟ್ಟದ್ದು ಹೆಚ್ಚುವುದನ್ನು ನೋಡಿ ಅಲ್ಲ, ಹೆಚ್ಚುವಾಗ ಮಣೆಯನ್ನು ಕಾಲಿನಲ್ಲಿ ಮೆಟ್ಟಿ ಹಿಡಿಯುವುದನ್ನು ನೋಡಿ. ಮೆಟ್ಟಿಲು ಮೇಲಕ್ಕೆ ಹತ್ತಿಸುತ್ತದೆ, ಹೆಸರು ಮಾತ್ರ ಮೆಟ್ಟುವುದರಿಂದ ಬಂದಿದೆ. ಮೆಟ್ಟು ಎಂದರೆ ಚಪ್ಪಲಿ, ಅಲ್ಲೂ ಅದೇ. ವಸ್ತುವಿನಿಂದ ಕೊನೆಗೆ ಏನಾಗುತ್ತದೆ ಎನ್ನುವುದಕ್ಕಿಂತ ಅದನ್ನು ಬಳಸುವಾಗ ಮೈ ಏನು ಮಾಡುತ್ತದೆ ಎನ್ನುವುದು ಹೆಸರಿಡುವವರ ಕಣ್ಣಿಗೆ ಮೊದಲು ಬೀಳುತ್ತದೆ. ಟ್ರ್ಯಾಂಪೊಲಿನ್ ವಿಷಯದಲ್ಲೂ ಆದದ್ದು ಇಷ್ಟೇ.

ಇಂಗ್ಲಿಷಿನ ‘ಟ್ರ್ಯಾಂಪಲ್’ ಪದವನ್ನು ನೀವು ಬಲ್ಲಿರಿ. ಗುಂಪಿನ ಕಾಲ್ತುಳಿತದ ಸುದ್ದಿಗಳಲ್ಲಿ ಅದು ಬರುತ್ತದೆ. ಹಳಗನ್ನಡ, ನಡುಗನ್ನಡ ಓದಿದವರಿಗೆ ‘ತೊತ್ತಳದುಳಿ’ ಎಂದರೆ ತಕ್ಷಣ ಆ ಭಾರ ಅರ್ಥವಾಗುತ್ತದೆ. ದಾರಿ ತುಳಿಯುತ್ತಾ ಅಲೆಯುವವನಿಗೆ ‘ಟ್ರ್ಯಾಂಪ್’ ಎನ್ನುವುದೂ ಅದೇ ಕುಟುಂಬ. ಇವೆಲ್ಲ ಟ್ರ್ಯಾಂಪೊಲಿನ್‌ನ ದಾಯಾದಿಗಳು. ಆದರೆ ಟ್ರ್ಯಾಂಪೊಲಿನ್ ನೇರವಾಗಿ ಇಂಗ್ಲಿಷಿನ ‘ಟ್ರ್ಯಾಂಪ್’ನಿಂದ ಹುಟ್ಟಿದ್ದಲ್ಲ. ಜರ್ಮನ್ ಬಳಗದ ಬೇರು ಇಟಲಿಗೆ ಹೋಗಿ, ಅಲ್ಲಿ ವೇಷ ಬದಲಿಸಿ, ಸುತ್ತಿ ಬಳಸಿ ಇಂಗ್ಲಿಷಿಗೆ ಮರಳಿತು. ಒಂದೇ ಅಜ್ಜಿಯ ಇಬ್ಬರು ಮೊಮ್ಮಕ್ಕಳು ಬೇರೆ ಬೇರೆ ಊರಿನಲ್ಲಿ ಬೆಳೆದು ಒಂದೇ ಮನೆಗೆ ಬಂದ ಹಾಗೆ.

ಇಟಲಿಯಲ್ಲಿ ಹಾಕಿದ ವೇಷ ಯಾವುದು? ಪದದ ಬಾಲ ನೋಡಿ, ‘ಈನೊ’. ಇಟಾಲಿಯನ್‌ನಲ್ಲಿ ಅದು ಪುಟ್ಟದು ಎಂದು ಸೂಚಿಸುವ ಪ್ರತ್ಯಯ. ‘ವಿಯೋಲ’ ಎಂಬ ವಾದ್ಯಕ್ಕೆ ‘ಈನೊ’ ಸೇರಿ ‘ವಿಯೊಲೀನೊ’ ಆಯಿತು, ಅದೇ ನಮ್ಮ ಕಛೇರಿಗಳ ವಯಲಿನ್. ‘ಮಂಡೋಲ’ಕ್ಕೆ ಸೇರಿ ಮ್ಯಾಂಡೊಲಿನ್ ಆಯಿತು. ‘ತ್ರಾಂಪೊಲಿ’ಗೆ ಸೇರಿ ‘ತ್ರಾಂಪೊಲೀನೊ’. ಹಾಗಾಗಿ ವಯಲಿನ್, ಮ್ಯಾಂಡೊಲಿನ್, ಟ್ರ್ಯಾಂಪೊಲಿನ್ ಈ ಮೂರರ ಕೊನೆ ಪ್ರಾಸವಾಗಿರುವುದು ಆಕಸ್ಮಿಕವಲ್ಲ. ಮಗಳು ಸಂಗೀತ ಕಲಿಯುತ್ತಿದ್ದರೆ ಅವಳಿಗೆ ಇದನ್ನು ತಪ್ಪದೆ ಹೇಳಿ.

ಮರಗಾಲಿನಿಂದ ಚಿಮ್ಮುಹಲಗೆಗೆ ಅರ್ಥ ಹೇಗೆ ದಾಟಿತು? ದಸರಾ ಮೆರವಣಿಗೆಯಲ್ಲಿ ಮರಗಾಲು ಕುಣಿತ ನೋಡಿದವರಿಗೆ ಇದು ಕಷ್ಟವಾಗಲಾರದು. ಕುಣಿಯುವವನ ಪಾದ ನೆಲದ ಮೇಲಿಲ್ಲ, ಒಂದು ಮರದ ತುಂಡಿನ ಮೇಲಿದೆ. ಆ ಮರವೇ ಅವನನ್ನು ಎತ್ತರದಲ್ಲಿಡುತ್ತದೆ. ಚಿಮ್ಮುಹಲಗೆಯೂ ಕಾಲ ಕೆಳಗಿನ ಮರವೇ, ಅದೂ ಮನುಷ್ಯನನ್ನು ಎತ್ತರಕ್ಕೆ ಒಯ್ಯುತ್ತದೆ, ಕ್ಷಣಮಾತ್ರಕ್ಕೆ. ಎರಡೂ ದೊಂಬರಾಟದಂಥ ಪ್ರದರ್ಶನಗಳವರ ಕೈಸಾಮಾನು. ಚಿಮ್ಮುಹಲಗೆಯ ಮೇಲೆ ಜಿಗಿಯುವವರನ್ನು ಗಮನಿಸಿ. ಓಡಿ ಬಂದವರು ಹಲಗೆಯ ತುದಿಗೆ ಎರಡೂ ಪಾದ ಜೋಡಿಸಿ ಬಲವಾಗಿ ಗುದ್ದುತ್ತಾರೆ, ಹಲಗೆ ಬಾಗುತ್ತದೆ, ಆಮೇಲೆ ತಾನೇ ನೆಟ್ಟಗಾಗುತ್ತಾ ಅವರನ್ನು ಎಸೆಯುತ್ತದೆ. ತುಳಿತ ಸರಿಯಾಗದಿದ್ದರೆ ನೆಗೆತವೂ ಇಲ್ಲ. ‘ಟ್ರಾಂಪೆಲ್ನ್’ನ ಸದ್ದು ಅಲ್ಲಿ ಇನ್ನೂ ಕೇಳುತ್ತದೆ.

ಈ ಚಿಮ್ಮುಹಲಗೆಯ ಅರ್ಥದಲ್ಲೇ ಪದ ಯುರೋಪಿನ ತುಂಬ ಹರಡಿತು. ಫ್ರೆಂಚ್‌ನಲ್ಲಿ ‘ತ್ರಾಂಪ್ಲೆ’ ಎಂಬಂತೆ ಕೇಳುವ ಪದ, ರಷ್ಯನ್‌ನಲ್ಲಿ ‘ತ್ರಾಂಪ್ಲೀನ್’, ಪೋರ್ಚುಗೀಸ್‌ನಲ್ಲಿ ‘ತ್ರಾಂಪೊಲೀಂ’. ಇಂಗ್ಲಿಷಿನಲ್ಲಿಯೂ 1798ರಷ್ಟು ಹಿಂದೆಯೇ ಈ ಪದ ಕಾಣಿಸಿಕೊಂಡದ್ದು ಚಿಮ್ಮುಹಲಗೆ ಎಂಬ ಅರ್ಥದಲ್ಲಿ. ಬಟ್ಟೆ, ಸ್ಪ್ರಿಂಗು ಯಾವುದೂ ಆಗ ಇರಲಿಲ್ಲ.

ಈಗ ಗೋವಾದ ನೆರೆಯವರ ಮಾತಿಗೆ ಬರೋಣ. ಪೋರ್ಚುಗೀಸ್‌ನಲ್ಲಿ ಪದ ಇರುವುದು ನಿಜ. ಆದರೆ ಅಲ್ಲಿ ಅದರ ಅರ್ಥ ಈಜುಕೊಳದ ಅಂಚಿನಲ್ಲಿ ನೀರಿಗೆ ಹಾರಲು ಇರುವ ಹಲಗೆ. ಗೋವಾದಲ್ಲಿ ಪೋರ್ಚುಗೀಸ್ ಓದಿದ ಹಿರಿಯರನ್ನು ಕೇಳಿ ನೋಡಿ, ‘ತ್ರಾಂಪೊಲೀಂ’ ಎಂದರೆ ಅವರು ಕೊಳದ ಕಡೆ ಕೈ ತೋರಿಸುವುದೇ ಹೆಚ್ಚು. ಮಕ್ಕಳು ಕುಣಿಯುವ ಹಾಸಿಗೆ ಪೋರ್ಚುಗೀಸರೂ ಸ್ಪ್ಯಾನಿಷರೂ ‘ಕಾಮ ಎಲಾಸ್ತಿಕ’ ಎನ್ನುತ್ತಾರೆ, ಅಂದರೆ ಎಳೆದರೆ ಹಿಗ್ಗುವ ಹಾಸಿಗೆ. ಆ ಭಾಷೆಗಳಿಂದ ಅನುವಾದ ಮಾಡುವವರು ಎಡವುವ ಜಾಗ ಇದೇ. ‘ಅವಳು ತ್ರಾಂಪೊಲೀಂನಿಂದ ನೀರಿಗೆ ಹಾರಿದಳು’ ಎಂಬುದನ್ನು ಟ್ರ್ಯಾಂಪೊಲಿನ್ ಎಂದೇ ಬಿಟ್ಟರೆ ಓದುಗರ ಕಣ್ಣಿಗೆ ಸ್ಪ್ರಿಂಗಿನ ಹಾಸಿಗೆಯೊಂದು ಕೊಳದ ದಡದಲ್ಲಿ ಬಂದು ನಿಲ್ಲುತ್ತದೆ. ಅಲ್ಲಿ ಚಿಮ್ಮುಹಲಗೆ ಎಂದೇ ಬರೆಯಬೇಕು.

ಪೋರ್ಚುಗೀಸ್ ದಾರಿಯಲ್ಲಿ ಪದ ನಮಗೆ ಬಂದಿದ್ದರೆ ಅದರ ಉಚ್ಚಾರವೂ ಬೇರೆ ಇರುತ್ತಿತ್ತು. ‘ಮೆಸ್ತ್ರೆ’ ನಮ್ಮಲ್ಲಿ ಮೇಸ್ತ್ರಿಯಾಯಿತು, ‘ಪಾದ್ರೆ’ ಪಾದ್ರಿಯಾಯಿತು. ಆ ಹಳೆಯ ಎರವಲುಗಳಲ್ಲಿ ತ್ರ, ದ್ರ ಎಂಬ ದಂತ್ಯಗಳೇ ಉಳಿದಿವೆ. ಇಂಗ್ಲಿಷಿನಿಂದ ಬಂದವು ಟ್ರೈನ್, ಟ್ರಕ್, ಟ್ರ್ಯಾಕ್ಟರ್ ಎಂದು ಮೂರ್ಧನ್ಯ ಹಿಡಿಯುತ್ತವೆ. ಟ್ರ್ಯಾಂಪೊಲಿನ್ ಈ ಎರಡನೆಯ ಸಾಲಿನದು, ಮೇಲಾಗಿ ‘ಟ್ರ್ಯಾ’ ಎಂಬ ಸ್ವರ ಇಂಗ್ಲಿಷಿನ ಮುದ್ರೆ. ಈ ಒಂದು ಪರೀಕ್ಷೆಯನ್ನೇ ನೆಚ್ಚಿಕೊಳ್ಳಬಾರದು ನಿಜ, ಬಟಾಟೆ ಪೋರ್ಚುಗೀಸಿನದಾದರೂ ‘ಟ’ ಹಿಡಿದಿದೆ. ಅದಕ್ಕೇ ವಸ್ತುವಿನ ಕಾಲವನ್ನೂ ನೋಡಬೇಕು. ಬಟಾಟೆ ಗಡ್ಡೆಯೊಂದಿಗೇ ಹೆಸರೂ ಬಂತು, ಪಾವ್ ರೊಟ್ಟಿಯೊಂದಿಗೆ ಬಂತು. ಸ್ಪ್ರಿಂಗಿನ ಹಾಸು ಹುಟ್ಟಿದ್ದೇ 1930ರ ದಶಕದ ಅಮೆರಿಕದಲ್ಲಿ. ಆ ವಸ್ತು ಇಂಗ್ಲಿಷ್ ಹೆಸರು ಹೊತ್ತೇ ಹೊರಟಿತು.

ಆ ಹುಟ್ಟಿನ ಕತೆ ದಾಖಲಾಗಿದೆ. ಜಾರ್ಜ್ ನಿಸೆನ್ 1914ರಲ್ಲಿ ಅಯೊವಾ ರಾಜ್ಯದಲ್ಲಿ ಹುಟ್ಟಿದವನು. ಹದಿಹರೆಯದಲ್ಲಿ ಸರ್ಕಸ್ ನೋಡಲು ಹೋದಾಗ, ಜೋಕಾಲಿಯಾಟದವರು ಕೊನೆಗೆ ಕೆಳಗಿನ ಬಲೆಗೆ ಬಿದ್ದು ಒಂದೆರಡು ಬಾರಿ ಪುಟಿಯುವುದು ಅವನ ಕಣ್ಣು ಹಿಡಿಯಿತು. ಬಿದ್ದ ಮೇಲೂ ಪುಟಿಯುತ್ತಲೇ ಇರುವಂಥದ್ದೊಂದು ಬೇಕು ಎನ್ನಿಸಿತು. ಮುಂದೆ ಅಯೊವಾ ವಿಶ್ವವಿದ್ಯಾಲಯದಲ್ಲಿ ತರಬೇತುದಾರ ಲ್ಯಾರಿ ಗ್ರಿಸ್ವೊಲ್ಡ್ ಜೊತೆ ಸೇರಿ ಕಬ್ಬಿಣದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದು ಅದನ್ನು ಮಾಡಿಯೇಬಿಟ್ಟ. ಆಗ ಅದಕ್ಕೆ ಟ್ರ್ಯಾಂಪೊಲಿನ್ ಎಂಬ ಹೆಸರಿರಲಿಲ್ಲ. 1937ರಲ್ಲಿ ಮೂವರ ತಂಡ ಕಟ್ಟಿಕೊಂಡು ಮೆಕ್ಸಿಕೊದಲ್ಲಿ ಪ್ರದರ್ಶನ ಕೊಡುತ್ತಿದ್ದಾಗ ‘ಎಲ್ ತ್ರಾಂಪೊಲೀನ್’ ಎಂಬ ಸ್ಪ್ಯಾನಿಷ್ ಪದ ಕಿವಿಗೆ ಬಿತ್ತು. ಅಲ್ಲಿನವರಿಗೆ ಅದು ನೀರಿಗೆ ಹಾರುವ ಹಲಗೆ. ಪದದ ನಾದ ಅವನಿಗೆ ಹಿಡಿಸಿತು. ಕೊನೆಗೆ ಇಂಗ್ಲಿಷಿನ ‘ಇ’ ಅಕ್ಷರವೊಂದನ್ನು ಸೇರಿಸಿ ಅದನ್ನು ತನ್ನ ಸರಕಿನ ಮುದ್ರೆಯಾಗಿ ನೋಂದಾಯಿಸಿದ. 1942ರಲ್ಲಿ ಇಬ್ಬರೂ ಕಂಪನಿ ತೆರೆದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಪದ ಇಂಗ್ಲಿಷಿನಲ್ಲಿ ಆಗಲೇ ಇತ್ತು, ಆದರೆ ಅಪರೂಪದ್ದು, ಬೇರೆ ಅರ್ಥದ್ದು. ನಿಸೆನ್ ಹೊಸ ಪದ ಹುಟ್ಟಿಸಲಿಲ್ಲ, ಹಳೆಯ ಪದಕ್ಕೆ ಹೊಸ ವಸ್ತು ಕೊಟ್ಟ. ಹಾಗಾಗಿ ‘ಟ್ರ್ಯಾಂಪೊಲಿನ್ ಪದದ ಜನಕ ನಿಸೆನ್’ ಎಂದರೂ ತಪ್ಪು, ‘ನಿಸೆನ್‌ಗೂ ಪದಕ್ಕೂ ಸಂಬಂಧವಿಲ್ಲ’ ಎಂದರೂ ತಪ್ಪು. ಇಂದಿನ ಅರ್ಥ ಅವನದೇ.

ಮುದ್ರೆಯ ಹೆಸರು ಎಲ್ಲರ ಹೆಸರಾಗುವುದು ನಮಗೆ ಹೊಸದಲ್ಲ. ವನಸ್ಪತಿಗೆ ಡಾಲ್ಡಾ ಎಂದೆವು, ನೆರಳಚ್ಚಿಗೆ ಝೆರಾಕ್ಸ್ ಎಂದೆವು, ಯಾವ ಕಂಪನಿಯ ಹಳದಿ ಅಗೆಯುವ ಯಂತ್ರ ಬಂದರೂ ಜೆಸಿಬಿ ಬಂತು ಎನ್ನುತ್ತೇವೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ವೈಮಾನಿಕರು ಗಾಳಿಯಲ್ಲಿ ಮೈ ತಿರುಗಿದರೂ ದಿಕ್ಕು ತಪ್ಪದಂತೆ ಇರುವುದನ್ನು ಇದರ ಮೇಲೆ ಕಲಿತರು. 1960ರಲ್ಲಿ ನಿಸೆನ್ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕಾಂಗರೂ ಒಂದರ ಜೊತೆ ಜಿಗಿಯುವ ಚಿತ್ರ ತೆಗೆಸಿಕೊಂಡ. ಹೀಗೆ ಪ್ರಚಾರ ಹೆಚ್ಚಿದಂತೆ ಹೆಸರು ಅವನ ಕೈತಪ್ಪಿತು. ಬೇರೆ ತಯಾರಕರ ಸರಕಿಗೂ ಜನ ಅದೇ ಹೆಸರು ಹಿಡಿದರು. 1964ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಟ ಸೇರ್ಪಡೆಯಾದಾಗ ನೋಡಲು ನಿಸೆನ್ ಇದ್ದ. ತೀರಿಕೊಂಡದ್ದು 2010ರಲ್ಲಿ.

‘ದ್ಯು ಟ್ರ್ಯಾಂಪೊಲಿನ್’ ಎಂಬ ಕಲಾವಿದನ ಕತೆ ಬಹಳ ಕಡೆ ಓಡಾಡುತ್ತದೆ. ಜೋಕಾಲಿಯಾಟದ ಸುರಕ್ಷತಾ ಬಲೆಯನ್ನೇ ಚಿಕ್ಕದು ಮಾಡಿ ಪುಟಿಯುವ ಸಾಧನವಾಗಿಸಿದನಂತೆ, ಅವನ ಹೆಸರೇ ಉಳಿಯಿತಂತೆ. ಇದು ನಿಲ್ಲುವುದಿಲ್ಲ, ತಾರೀಖುಗಳೇ ಅದನ್ನು ಬೀಳಿಸುತ್ತವೆ. ಒಂದು ಜೋಕಾಲಿಯಿಂದ ಇನ್ನೊಂದಕ್ಕೆ ಹಾರುವ ಆಟವನ್ನು ಝೂಲ್ ಲಿಯೊತಾರ್ ಪ್ಯಾರಿಸ್‌ನಲ್ಲಿ ಮೊದಲು ತೋರಿಸಿದ್ದು 1859ರಲ್ಲಿ. ಟ್ರ್ಯಾಂಪೊಲಿನ್ ಪದ ಅದಕ್ಕಿಂತ 61 ವರ್ಷ ಮೊದಲೇ ಇಂಗ್ಲಿಷಿನಲ್ಲಿದೆ, ಅದೂ ಹಲಗೆಯ ಅರ್ಥದಲ್ಲಿ. ಆಟವೇ ಹುಟ್ಟದಿದ್ದಾಗ ಆ ಆಟದ ಬಲೆಯಿಂದ ಪದ ಹೇಗೆ ಹುಟ್ಟೀತು? ಪದಮೂಲಕ್ಕೆ ಒಬ್ಬ ಮನುಷ್ಯನ ಹೆಸರು ಅಂಟಿಸಿದ ಕತೆ ಸಿಕ್ಕಾಗಲೆಲ್ಲ ಮೊದಲು ಈ ಲೆಕ್ಕ ಹಾಕಿ ನೋಡಿ: ಪದ ಮೊದಲ ಬಾರಿ ಬರಹದಲ್ಲಿ ಕಂಡದ್ದು ಯಾವಾಗ, ಕತೆಯ ಮನುಷ್ಯನೋ ವಸ್ತುವೋ ಬಂದದ್ದು ಯಾವಾಗ.

ಸರ್ಕಸ್ಸಿನ ‘ಟ್ರಪೀಝ್’ ಪದಕ್ಕೂ ಇದಕ್ಕೂ ನಂಟಿದೆ ಎಂದು ಕೆಲವರು ಭಾವಿಸುತ್ತಾರೆ. ಇಲ್ಲ. ಅದು ಗ್ರೀಕ್‌ನ ‘ಮೇಜು’ ಎಂಬ ಪದದಿಂದ ಬಂದದ್ದು, ಮೂಲಾರ್ಥ ನಾಲ್ಕು ಕಾಲಿನದು. ರೇಖಾಗಣಿತದ ಟ್ರಪೀಝಿಯಮ್ ಅದರ ಒಡಹುಟ್ಟು. ಎರಡು ಪದಗಳೊಳಗೂ ಒಂದೊಂದು ಬಗೆಯ ಕಾಲು ಕುಳಿತಿರುವುದು ಮಾತ್ರ ಕಾಕತಾಳೀಯ.

ಹಾಗೆಯೇ ಟ್ರಾಮ್. ದಾದರ್ ಟಿ.ಟಿ. ಎಂದು ಇಂದೂ ಬಸ್ಸಿನವರು ಕೂಗುವಾಗ ಅದರಲ್ಲಿ ಉಳಿದಿರುವುದು ಮುಂಬಯಿಯ ಟ್ರಾಮ್ ನಿಲುಗಡೆಯ ನೆನಪು. 1874ರಲ್ಲಿ ಕುದುರೆ ಎಳೆದ, 1907ರಿಂದ ವಿದ್ಯುತ್ತಿನಲ್ಲಿ ಓಡಿದ, 1964ರಲ್ಲಿ ನಿಂತ ಆ ಗಾಡಿಯ ಹೆಸರು ಮರದ ತೊಲೆ, ಕೈಗಾಡಿಯ ಹಿಡಿಮರ ಎಂಬರ್ಥದ ಬೇರೆಯೇ ಪದದಿಂದ ಬಂದದ್ದೆನ್ನುತ್ತಾರೆ. ತುಳಿತಕ್ಕೆ ಸಂಬಂಧವಿಲ್ಲ.

ಮಗಳ ಟಾರ್ಪಾಲಿನ್ ಗೊಂದಲವನ್ನು ನಾನು ಬರಿಯ ಬಾಯಿತಪ್ಪು ಎನ್ನಲಾರೆ, ಅದರ ಹಿಂದೆ ಒಳ್ಳೆಯ ನೋಟವಿದೆ. ಬಾಲ್ಕನಿಗೆ ಕಟ್ಟಿದ ನೀಲಿ ಹಾಳೆಯ ಅಂಚನ್ನು ಹತ್ತಿರದಿಂದ ನೋಡಿ. ಅಂಚು ಮಡಚಿ ಹೊಲಿದು ಅಥವಾ ಬೆಸೆದು ದಪ್ಪ ಮಾಡಿರುತ್ತಾರೆ, ಅದರಲ್ಲಿ ಸಾಲಾಗಿ ಲೋಹದ ಕಣ್ಣುಗಳು, ಪ್ರತಿ ಕಣ್ಣಿಗೂ ಹಗ್ಗ. ನಿಸೆನ್‌ನ ಹಳೆಯ ಹಾಸೂ ಹೆಚ್ಚುಕಡಿಮೆ ಹೀಗೇ: ಕ್ಯಾನ್ವಾಸ್, ಅಂಚಿನುದ್ದಕ್ಕೂ ಕಣ್ಣು, ಹಗ್ಗದ ಜಾಗದಲ್ಲಿ ಎಳೆದರೆ ಹಿಗ್ಗುವ ಸ್ಪ್ರಿಂಗು. ಹಳೆಯ ಟಾರ್ಪಾಲಿನ್ ಕೂಡ ಕ್ಯಾನ್ವಾಸೇ, ನೀರು ಇಳಿಯದಂತೆ ಡಾಂಬರು ಬಳಿದದ್ದು. ಹೆಸರೇ ಅದನ್ನು ಹೇಳುತ್ತದೆ: ‘ಟಾರ್’ ಎಂದರೆ ಡಾಂಬರು, ‘ಪಾಲ್’ ಎಂದರೆ ಹೊದಿಸುವ ದಪ್ಪ ಬಟ್ಟೆ. ಹಡಗಿನವರ ಪದ ಅದು. ಮರಾಠಿಯ ತಾಡಪತ್ರಿಯಲ್ಲಿ ಡಾಂಬರಿಲ್ಲ, ಅಕ್ಷರ ಬಿಡಿಸಿದರೆ ಅಲ್ಲಿ ಸಿಗುವುದು ತಾಳೆಗರಿ. ಕೊನೆಯ ‘ಲಿನ್’ ಎರಡರಲ್ಲೂ ಇದ್ದರೂ ಒಂದರಲ್ಲಿ ಅದು ಇಟಲಿಯ ಪುಟ್ಟ ಪ್ರತ್ಯಯ, ಇನ್ನೊಂದರಲ್ಲಿ ಇಂಗ್ಲಿಷಿನ ‘ಪಾಲಿಂಗ್’ ಸವೆದು ಆದ ರೂಪ.

ವ್ಯತ್ಯಾಸವನ್ನು ಅವಳಿಗೆ ಕೈಯಿಂದಲೇ ತೋರಿಸಬಹುದು. ಮುಂದಿನ ಬಾರಿ ಮಾಲ್‌ಗೆ ಹೋದಾಗ, ಯಾರೂ ಜಿಗಿಯದಿರುವಾಗ, ಅಲ್ಲಿನವರ ಅನುಮತಿ ಕೇಳಿ, ಹಾಸಿನ ನಡುವೆ ಅಂಗೈ ಊರಿ ಒತ್ತಿಸಿ. ಬಟ್ಟೆಯೇ ರಬ್ಬರಿನಂತೆ ಹಿಗ್ಗುತ್ತದೆ ಎಂದು ಬಹುತೇಕರು ತಿಳಿದಿರುತ್ತಾರೆ. ಹಾಗಿಲ್ಲ. ನೇಯ್ದ ಹಾಸು ತಾನು ಅಷ್ಟಾಗಿ ಹಿಗ್ಗುವುದಿಲ್ಲ, ಸುತ್ತಲಿನ ಸ್ಪ್ರಿಂಗುಗಳು ಉದ್ದವಾಗುತ್ತವೆ. ಅವು ಮತ್ತೆ ಗಿಡ್ಡವಾಗುವ ರಭಸವೇ ಮೇಲಕ್ಕೆ ಎಸೆಯುವುದು. ಸ್ಪ್ರಿಂಗು ಮುಚ್ಚುವ ದಿಂಬಿನ ಪಟ್ಟಿಯ ಮೇಲೆ ಕಾಲಿಡಬಾರದು ಎನ್ನುವುದು ಇದಕ್ಕೇ, ಅಡಿಯಲ್ಲಿ ಸಂದುಗಳಿರುತ್ತವೆ. ಇಬ್ಬರು ಒಟ್ಟಿಗೆ ಜಿಗಿದರೆ ಒಬ್ಬರು ಕೂಡಿಟ್ಟ ಎಳೆತ ಇನ್ನೊಬ್ಬರ ಕಾಲಿಗೆ ಹೋಗುತ್ತದೆ. ಹಗುರಾದ ಮಗು ಎಣಿಸದಷ್ಟು ಎತ್ತರಕ್ಕೆ ಹಾರಿ ಅಡ್ಡಾದಿಡ್ಡಿ ಬೀಳುವುದು ಹೀಗೆ. ಒಂದು ಹಾಸಿಗೆ ಒಂದು ಮಗು ಎಂಬ ನಿಯಮವನ್ನು ದಯವಿಟ್ಟು ಸಡಿಲಿಸಬೇಡಿ.

ಸ್ಪರ್ಧೆಯ ಸಾಧನ ಮಾಲ್‌ನದಕ್ಕಿಂತ ಬೇರೆ. ಅದರ ಹಾಸು 4.28 ಮೀಟರ್ ಉದ್ದ, 2.14 ಮೀಟರ್ ಅಗಲದ ಆಯತ, ಚೌಕಟ್ಟು ನೆಲದಿಂದ 1.155 ಮೀಟರ್ ಎತ್ತರದಲ್ಲಿರುತ್ತದೆ. ಸ್ಪರ್ಧಿ ನಡುವೆ ನಿಲ್ಲದೆ ಹತ್ತು ಲಾಗಗಳನ್ನು ಹಾಕಬೇಕು. ಆ ಬಟ್ಟೆಗೆ ಇಂಗ್ಲಿಷಿನಲ್ಲೂ ಹಾಸಿಗೆ ಎಂಬರ್ಥದ ‘ಬೆಡ್’ ಎಂದೇ ಹೆಸರು. ಕನ್ನಡ ಪದ ಕಟ್ಟುವವರಿಗೆ ಈ ಸಂಗತಿ ಉಪಯೋಗಕ್ಕೆ ಬರುತ್ತದೆ.

ಏಕೆಂದರೆ ನಿಮ್ಮ ಕೊನೆಯ ಪ್ರಶ್ನೆ ಅದೇ. ಮಾತಿನಲ್ಲಿ ಟ್ರ್ಯಾಂಪೊಲಿನ್ ಎಂದೇ ಹೇಳಿ, ಎಲ್ಲರಿಗೂ ತಿಳಿಯುತ್ತದೆ. ಇಂಗ್ಲಿಷ್ ಉಚ್ಚಾರಕ್ಕೆ ಟ್ರ್ಯಾಂಪೊಲೀನ್ ಎಂಬ ದೀರ್ಘ ಹೆಚ್ಚು ಹತ್ತಿರ, ಬರಹದಲ್ಲಿ ಎರಡೂ ಕಾಣುತ್ತವೆ, ಎರಡನ್ನೂ ತಪ್ಪೆನ್ನಬೇಕಿಲ್ಲ. ಕನ್ನಡದ್ದೇ ಬೇಕೆನ್ನಿಸಿದರೆ ನನ್ನ ಒಲವು ‘ಪುಟಿಹಾಸು’ ಕಡೆಗೆ. ಚೆಂಡು ಪುಟಿಯುತ್ತದೆ ಎನ್ನುತ್ತೇವಲ್ಲ, ಆ ಪುಟಿ. ‘ಜಿಗಿ’ ಎಂದರೆ ಜಿಗಿಯುವವರ ಕೆಲಸವಷ್ಟೇ ಆಯಿತು, ‘ಪುಟಿ’ಯಲ್ಲಿ ವಸ್ತು ಮರಳಿ ಎಸೆಯುವುದೂ ಸೇರುತ್ತದೆ. ಹಾಸು ಎಂದಾಗ ಬಟ್ಟೆಯೂ ಅದನ್ನು ಹರವಿ ಬಿಗಿದ ರೀತಿಯೂ ಬಂತು. ಈಜುಕೊಳದ ಮತ್ತು ಜಿಮ್ನಾಸ್ಟಿಕ್ಸ್‌ನ ಹಲಗೆಗೆ ‘ಚಿಮ್ಮುಹಲಗೆ’ ಇರಲಿ, ಎರಡೂ ಬೆರೆಯುವುದಿಲ್ಲ. ‘ಕುಪ್ಪಳಿಸುವ ಜಮಖಾನೆ’ ಎಂಬಂಥ ಉದ್ದನೆಯ ವಿವರಣೆಗಳನ್ನು ನಾನು ಒಪ್ಪುವುದಿಲ್ಲ. ಮಗುವಿನ ಬಾಯಲ್ಲಿ ನಿಲ್ಲದ ಪದ ಭಾಷೆಯಲ್ಲೂ ನಿಲ್ಲುವುದಿಲ್ಲ.

ಶಾಲೆಯ ಪುಸ್ತಕದಲ್ಲಿ ಬರೆಯಬೇಕಿದ್ದರೆ ಅವಳು ಇಷ್ಟು ಬರೆಯಲಿ: ಟ್ರ್ಯಾಂಪೊಲಿನ್, ಚೌಕಟ್ಟಿಗೆ ಸ್ಪ್ರಿಂಗುಗಳಿಂದ ಬಿಗಿದ ಪುಟಿಹಾಸು, ಇಟಾಲಿಯನ್‌ನ ಚಿಮ್ಮುಹಲಗೆ ಎಂಬ ಪದದಿಂದ, ಅದು ಮರಗಾಲು ಎಂಬ ಪದದಿಂದ, ಅದು ತುಳಿ ಎಂಬರ್ಥದ ಜರ್ಮನ್ ಬಳಗದ ಬೇರಿನಿಂದ.